ಸುಮ್ನೆ ಸಾಕಿದ ನಾಯಿ

ನಾಯಿ ಅಂದ ಮೇಲೆ ಬೊಗಳಬೇಕು. ನಮ್ಮ ಬೀದಿಗಳಲ್ಲಿ ಎಲ್ಲರೂ ಒಪ್ಪಿಕೊಂಡಿರುವ ಕಾನೂನು ಇದೊಂದೇ. ಬೊಗಳಿದರೆ ಪಕ್ಕದ ಮನೆಯವರು ಬೈಯುತ್ತಾರೆ, ಬೊಗಳದಿದ್ದರೆ ಸ್ವಂತ ಮನೆಯವರೇ ಬೈಯುತ್ತಾರೆ.

ದರ್ಜಿ ಅಕ್ಕನ ಮನೆಯಲ್ಲಿದ್ದ ಲ್ಯಾಬ್ರಡಾರ್ ಮರಿಗೆ ಈ ಕಾನೂನು ಗೊತ್ತಿರಲಿಲ್ಲ. ಅದಕ್ಕೆ ಮೂರು ತಿಂಗಳು ತುಂಬಿತ್ತು. ಬೆಳಗ್ಗೆ ಎದ್ದು ಹಿತ್ತಲಿಗೆ ಹೋಗಿ ಬರುತ್ತಿತ್ತು, ತಟ್ಟೆಯನ್ನು ತೊಳೆದಿಟ್ಟಂತೆ ನೆಕ್ಕುತ್ತಿತ್ತು, ಹಳೆಯ ಬಟ್ಟೆಯ ಉಂಡೆಯೊಂದನ್ನು ಹತ್ತು ನಿಮಿಷ ಎಳೆದಾಡುತ್ತಿತ್ತು. ಆಮೇಲೆ ಹೊಲಿಗೆ ಮೆಷಿನ್ನಿನ ಪಕ್ಕ ಬಿದ್ದ ಬಟ್ಟೆ ಚೂರುಗಳ ಮೇಲೆ ಮಲಗಿತೆಂದರೆ ಮುಗಿಯಿತು. ಅಂಚೆಯವನು ಬರಲಿ, ಬೆಕ್ಕು ಬರಲಿ, ತಲೆ ಎತ್ತುತ್ತಿರಲಿಲ್ಲ. ಅಕ್ಕ ಕತ್ತರಿಯನ್ನು ಮೇಜಿನ ಮೇಲಿಟ್ಟ ಸದ್ದಿಗೆ ಮಾತ್ರ ಅದರ ಬಾಲ ನೆಲಕ್ಕೆ ಎರಡು ಸಲ ಬಡಿಯುತ್ತಿತ್ತು. ಕತ್ತರಿ ಕೆಳಗಿಟ್ಟಳೆಂದರೆ ಕೆಲಸ ನಿಲ್ಲಿಸಿದಳು, ಇನ್ನು ತಲೆ ಸವರುತ್ತಾಳೆ ಎಂದು ಅದಕ್ಕೆ ಗೊತ್ತು.

ಮರಿಯನ್ನು ತಂದವನು ಅಕ್ಕನ ಗಂಡನ ಅಣ್ಣ. ಕಬ್ಬಿಣದ ಗೇಟು ಮಾಡುವ ಅವನನ್ನು ಬೀದಿಯವರೆಲ್ಲ ಗೇಟಣ್ಣ ಎನ್ನುತ್ತಿದ್ದರು, ಅಕ್ಕನಿಗೆ ಬಾವ. ಲ್ಯಾಬ್ರಡಾರ್ ಎಂದರೆ ದೊಡ್ಡ ನಾಯಿ, ದೊಡ್ಡ ನಾಯಿ ಎಂದರೆ ದೊಡ್ಡ ಕೋಪ ಎಂದುಕೊಂಡು, ತನ್ನ ಶೆಡ್ಡಿನ ಕಾವಲಿಗೆಂದು ತಂದಿದ್ದ. ಸ್ವಲ್ಪ ಬೆಳೆಯುವವರೆಗೆ ನೀನು ನೋಡಿಕೋ ಎಂದು ತಮ್ಮನ ಹೆಂಡತಿಯ ಕೈಗಿಟ್ಟಿದ್ದ.

ದಿನವೂ ಸಂಜೆ ಬಂದು ಮರಿಯ ಮುಂದೆ ಕಾಲು ಬಡಿದು ಪರೀಕ್ಷೆ ಮಾಡುತ್ತಿದ್ದ. ಮರಿ ಅವನ ಚಪ್ಪಲಿ ಮೂಸಿ, ಅದರ ಮೇಲೇ ತಲೆಯಿಟ್ಟು ನಿದ್ದೆ ಹೋಗುತ್ತಿತ್ತು. ಇದು ಮಂಕು ಎಂದು ಅವನ ತೀರ್ಪು. ಅನ್ನಕ್ಕೆ ದಂಡ, ಭೂಮಿಗೆ ಭಾರ ಎಂದು ಅಕ್ಕನ ಅತ್ತೆಯ ಒಗ್ಗರಣೆ. ಬಟ್ಟೆ ಕೊಡಲು ಬಂದ ಗಿರಾಕಿಗಳೂ, ಇದನ್ನು ಯಾಕೆ ಇಟ್ಟುಕೊಂಡಿದ್ದೀಯಮ್ಮ ಎಂದು ಕೇಳದೆ ಹೋಗುತ್ತಿರಲಿಲ್ಲ.

ಒಂದು ಮಂಗಳವಾರ ಬಾವ ಬಾಗಿಲಲ್ಲೇ ನಿಂತು ಹೇಳಿದ: ಭಾನುವಾರ ಇದನ್ನು ಸೇತುವೆಯಾಚೆ ಸಂತೆ ಬಯಲಿನಲ್ಲಿ ಬಿಟ್ಟು ಬರುತ್ತೇನೆ. ಎಂಜಲು ತಿಂದುಕೊಂಡು ಬದುಕುತ್ತದೆ.

ಮೆಷಿನ್ ತುಳಿಯುತ್ತಿದ್ದ ಅಕ್ಕನ ಕಾಲು ನಿಂತಿತು. ಅವಳ ಬಾಯಿ ಬೀದಿಗೆಲ್ಲ ಗೊತ್ತು.

"ಬಾವ, ನಾನು ನಾಲ್ಕು ಮಾತಾಡಿದ್ರೆ ಬಾಯಿಬಡಕಿ ಅಂದ್ರಿ. ಇದು ಸುಮ್ನಿದ್ರೆ ಮಂಕು ಅಂತೀರಿ. ಈ ಮನೇಲಿ ಎಷ್ಟು ಸದ್ದು ಮಾಡ್ಕೊಂಡು ಬದುಕಬೇಕು ಅಂತ ಅಳತೆ ಕೊಡಿ, ಅಷ್ಟಕ್ಕೇ ಹೊಲಿದುಬಿಡ್ತೀನಿ."

"ತಂದವನು ನಾನಮ್ಮ. ಶೆಡ್ಡು ಕಾಯ್ಲಿ ಅಂತ ತಂದಿದ್ದು."

"ಊರಿಗೆಲ್ಲ ಗೇಟು ಮಾಡೋರು ನೀವು. ನಿಮ್ಮ ಗೇಟಿನ ಮೇಲೆ ನಿಮಗೇ ನಂಬಿಕೆ ಇಲ್ವಾ?"

ಅತ್ತೆಗೆ ನಗು ಬಂತು. ಕೆಮ್ಮಿದ ಹಾಗೆ ಮಾಡಿದಳು. ಅದೇ ತಪ್ಪಾಯಿತು. ಬಾವನ ಮುಖ ಕೆಂಪಾಯಿತು. ಸಾಕಿ ಸಾಕಿ ಕೆಡಿಸಿದವಳು ನೀನೇ, ನಾಲ್ಕು ದಿನ ನನ್ನ ಹತ್ತಿರ ಇದ್ದರೆ ತಾನಾಗಿಯೇ ಹದಕ್ಕೆ ಬರುತ್ತದೆ, ಆಗಲೂ ಬರದಿದ್ದರೆ ಸೇತುವೆ ಎಂದು, ಮರಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೇಬಿಟ್ಟ.

ಹದಕ್ಕೆ ತರುವುದು ಎಂದರೇನು ಗೊತ್ತೇ? ಕತ್ತಲೆ ಮೂಲೆಯಲ್ಲಿ ಕಟ್ಟಿಹಾಕಿ, ಊಟಕ್ಕೆ ಮೆಣಸಿನಪುಡಿ ಕಲಸಿ ಹಾಕುವುದು. ಖಾರ ತಿಂದ ನಾಯಿಗೆ ರೋಷ ಬರುತ್ತದೆ ಎಂದು ಯಾರೋ ಪುಣ್ಯಾತ್ಮ ಹೇಳಿದ್ದನಂತೆ. ಹೇಳಿದವನೂ ತಿಂದು ನೋಡಿರಲಿಲ್ಲ, ಕೇಳಿದವನೂ ತಿಂದು ನೋಡಲಿಲ್ಲ.

ಅಕ್ಕ ಎರಡು ದಿನ ತಡೆದಳು. ಶುಕ್ರವಾರ ಮಧ್ಯಾಹ್ನ ಯಾರದೋ ಮನೆಯ ಪರದೆ ಕತ್ತರಿಸುತ್ತಿದ್ದವಳು, ಅರ್ಧಕ್ಕೇ ಎದ್ದು, ಪರದೆ ಹೆಗಲ ಮೇಲೆ, ಕತ್ತರಿ ಕೈಯಲ್ಲಿ, ಹಾಗೆಯೇ ಶೆಡ್ಡಿಗೆ ನಡೆದಳು.

ಮರಿ ಮೂಲೆಯಲ್ಲಿ ಕಬ್ಬಿಣದ ಪುಡಿಯ ಮೇಲೆ ಬಿದ್ದಿತ್ತು.

"ನೋಡು, ಅಲ್ಲೂ ಹೀಗೇ ಬಿದ್ಕೊಂಡಿತ್ತು, ಇಲ್ಲೂ ಹೀಗೇ ಬಿದ್ಕೊಂಡಿದೆ" ಎಂದ ಬಾವ.

ಅಕ್ಕ ಕತ್ತರಿಯನ್ನು ಅಲ್ಲಿದ್ದ ತಗಡಿನ ಮೇಲಿಟ್ಟಳು. ಶೆಡ್ಡೆಲ್ಲ ಕೇಳುವಷ್ಟು ಸದ್ದಾಯಿತು. ಬಾಲ ಅಲ್ಲಾಡಲಿಲ್ಲ. ಎತ್ತಿ ಮತ್ತೊಮ್ಮೆ ಇಟ್ಟಳು. ಬಾಲ ಅಲ್ಲಾಡಲಿಲ್ಲ. ತಟ್ಟೆಯಲ್ಲಿ ಊಟ ಹಾಗೇ ಇತ್ತು. ಸುತ್ತ ನೀರುನೀರಾಗಿ ಭೇದಿಯಾಗಿತ್ತು.

"ಇದು ಸುಮ್ನಿರೋದಲ್ಲ ಬಾವ. ಇದು ಕಾಯಿಲೆ."

ಕಟ್ಟಿದ ಹಗ್ಗವನ್ನು ಬಿಚ್ಚುವ ತಾಳ್ಮೆ ಅವಳಿಗಿರಲಿಲ್ಲ, ಕತ್ತರಿಸಿದಳು. ಮರಿಯನ್ನು ಪರದೆಯಲ್ಲಿ ಸುತ್ತಿ ಎತ್ತಿಕೊಂಡು ಬಿಸಿಲಿಗೆ ಇಳಿದಳು. ಪಶು ಆಸ್ಪತ್ರೆ ಊರಿನ ಇನ್ನೊಂದು ತುದಿಯಲ್ಲಿತ್ತು. ಎರಡು ಬೀದಿ ದಾಟುವಷ್ಟರಲ್ಲಿ ಹಿಂದಿನಿಂದ ಸ್ಕೂಟರ್ ಬಂದು ನಿಂತಿತು. ಹತ್ತು ಎಂದು ಬಾವ ಹೇಳುವ ಮೊದಲೇ ಅವಳು ಮರಿಯೊಂದಿಗೆ ಹಿಂದೆ ಕೂತಳು.

ಡಾಕ್ಟರಮ್ಮ ಮರಿಯ ತುಟಿ ಎತ್ತಿ ಒಸಡು ನೋಡಿದರು, ಬೆನ್ನಿನ ಚರ್ಮ ಹಿಡಿದು ಬಿಟ್ಟರು. ಮೈಯಲ್ಲಿ ನೀರು ಬತ್ತಿದೆ ಎಂದು ಗ್ಲೂಕೋಸ್ ಹಾಕಲು ಹೇಳಿ, ಏನು ತಿನ್ನಿಸಿದಿರಿ ಎಂದು ಕೇಳಿದರು. ಗೇಟು ಮಾಡುವ ಶೆಡ್ಡಿನ ಕಾವಲಿಗೆ ರೋಷ ಬರಲಿ ಎಂದು ಖಾರ ಹಾಕಿದ್ದನ್ನು ಬಾವನೇ ನೆಲ ನೋಡುತ್ತಾ ಹೇಳಿದ.

"ಖಾರ ತಿಂದ್ರೆ ನಾಯಿಗೆ ರೋಷ ಬರೋದಿಲ್ಲ, ಭೇದಿ ಬರುತ್ತೆ" ಎಂದರು ಡಾಕ್ಟರಮ್ಮ. "ನಿಮಗೆ ಮೂರು ದಿನ ಅದೇ ಊಟ ಹಾಕ್ತೀನಿ. ಗೇಟು ಚೆನ್ನಾಗಿ ಮಾಡ್ತೀರಾ?"

ಆಮೇಲೆ ಕೂರಿಸಿ ತಿಳಿಸಿದರು. ಮರಿಗಳು ದಿನಕ್ಕೆ ಹದಿನೆಂಟು ಗಂಟೆ ಮಲಗಿದರೂ ಆಶ್ಚರ್ಯವಿಲ್ಲ. ಲ್ಯಾಬ್ರಡಾರ್ ಹುಟ್ಟಿನಿಂದಲೇ ಸ್ನೇಹದ ಜಾತಿ. ಕಳ್ಳನ ಕೈಯನ್ನೂ ನೆಕ್ಕಬಹುದು. ಅದರಲ್ಲೂ ಕೆಲವು ಮರಿಗಳದು ತಣ್ಣಗಿನ ಸ್ವಭಾವ. ಎಚ್ಚರವಾದಾಗ ಚುರುಕಾಗಿದ್ದು, ಚೆನ್ನಾಗಿ ತಿಂದು, ಒಂದಿಷ್ಟು ಆಡಿ ಮಲಗುವ ಮರಿಗೆ ಏನೂ ಆಗಿರುವುದಿಲ್ಲ. ಊಟ ಬಿಟ್ಟರೆ, ವಾಂತಿ ಭೇದಿಯಾದರೆ, ಒಸಡು ಬಿಳಿಚಿಕೊಂಡರೆ, ಕರೆದರೂ ಏಳದಿದ್ದರೆ ಅದು ಸ್ವಭಾವವಲ್ಲ, ರೋಗ. ಅಂಥ ಹೊತ್ತಿನಲ್ಲಿ ನಾಳೆ ನೋಡೋಣ ಎನ್ನಬಾರದು. ಇನ್ನೊಂದು ಮಾತು: ಹೀಗೆ ಮಲಗುವ ನಾಯಿ ಬೇಗ ಕೊಬ್ಬುತ್ತದೆ. ಊಟ ಅಳತೆಯಲ್ಲಿರಲಿ, ದಿನಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ನಡೆಸಿ.

ಅಕ್ಕ ಗೆದ್ದವಳಂತೆ ಬಾವನ ಕಡೆ ನೋಡಿದಳು. ಡಾಕ್ಟರಮ್ಮ ಅವಳನ್ನೂ ಬಿಡಲಿಲ್ಲ. ಮೂರು ತಿಂಗಳಾಯಿತಲ್ಲ, ಲಸಿಕೆ ಹಾಕಿಸಿದ್ದೀರಾ, ಜಂತುಹುಳುವಿನ ಔಷಧಿ ಕೊಟ್ಟಿದ್ದೀರಾ ಎಂದು ಕೇಳಿದರು. ಬಾಯಿಬಡಕಿ ಪರದೆಯ ಅಂಚನ್ನು ಮಡಿಸತೊಡಗಿದಳು. ಹೊರಗೇ ಹೋಗದ ಸಾಧು ಮರಿಗೆ ಸೂಜಿ ಯಾಕೆ ಎಂದುಕೊಂಡಿದ್ದೆ ಎಂದಳು.

"ಸಾಧು ಅಂತ ರೋಗ ಬಾಗಿಲಲ್ಲಿ ನಿಂತು ಅಪ್ಪಣೆ ಕೇಳುತ್ತಾ? ಒಂದು ಹುಚ್ಚುನಾಯಿ ಕಚ್ಚಿದ್ರೆ ಸಾಕು, ಇದರ ಜೊತೆ ನಿಮ್ಮ ಜೀವಾನೂ ಹೋಗುತ್ತೆ."

ಹುಷಾರಾದ ಮೇಲೆ ಲಸಿಕೆಗೆ ಬರಬೇಕೆಂದು ಚೀಟಿ ಬರೆಸಿಕೊಳ್ಳಲು ಕಳಿಸಿದರು. ಕಿಟಕಿಯ ಹಿಂದೆ ಕಾಂಪೌಂಡರ್ ತಲೆ ಎತ್ತದೆ ಕೂತಿದ್ದ. ಮಾಲೀಕರು ಯಾರು ಎಂದ. ಬಾವ ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಅಕ್ಕ ತನ್ನ ಹೆಸರು ಹೇಳಿಯಾಗಿತ್ತು. ಹೇಳಿ, ಬಾವನನ್ನೇ ದಿಟ್ಟಿಸಿದಳು, ಇಲ್ಲ ಅನ್ನು ನೋಡೋಣ ಎನ್ನುವ ಹಾಗೆ. ಅವನು ಇಲ್ಲ ಎನ್ನಲಿಲ್ಲ.

"ಏನಂತ ಇಟ್ಟಿದ್ದೀರಿ?" ಎಂದು ಕಾಂಪೌಂಡರ್ ಗೊಣಗಿದ.

ಅವನು ಕೇಳಿದ್ದು ನಾಯಿಯ ಹೆಸರು. ಆದರೆ ಯಾಕೆ ಇಟ್ಟಿದ್ದೀಯ, ಯಾಕೆ ಇಟ್ಟಿದ್ದೀಯ ಎಂದು ತಿಂಗಳಿಂದ ಕೇಳಿಸಿಕೊಂಡ ಅಕ್ಕನ ಕಿವಿಗೆ ಅದೇ ಪ್ರಶ್ನೆ ಬಿತ್ತು. ಸಿಟ್ಟು ನೆತ್ತಿಗೇರಿತು.

"ಸುಮ್ನೆ" ಎಂದಳು. "ಸುಮ್ನೆ ಇಟ್ಟಿದ್ದೀನಿ. ಏನೀಗ?"

ಕಾಂಪೌಂಡರ್ ಬರೆದುಕೊಂಡ. ಚೀಟಿ ಕೈಗೆ ಬಂದಾಗ, ನಾಯಿಯ ಹೆಸರಿನ ಜಾಗದಲ್ಲಿ ದುಂಡಗೆ ಹೀಗೆ ಬರೆದಿತ್ತು: ಸುಮ್ನೆ. ಮೊದಲು ನಕ್ಕವನು ಬಾವ.

ಆ ಭಾನುವಾರ ಸೇತುವೆಯಾಚೆಗೆ ಯಾರೂ ಹೋಗಲಿಲ್ಲ. ಮರಿ ಬಟ್ಟೆ ಚೂರುಗಳ ಮೇಲೆ ಮಲಗಿತ್ತು. ಅಕ್ಕ ಕತ್ತರಿ ಇಟ್ಟಳು. ಬಾಲ ಒಂದು ಸಲ ಬಡಿಯಿತು. ಅತ್ತೆ ಕೈಯಲ್ಲಿದ್ದ ಕೆಲಸ ಬಿಟ್ಟು ಕಾದಳು. ಇನ್ನೊಂದು ಸಲವೂ ಬಡಿಯಿತು.

ಎರಡು ವಾರದ ಮೇಲೆ ಲಸಿಕೆಯಾಯಿತು. ಬಾವ ತನ್ನ ಶೆಡ್ಡಿಗೆ ದೊಡ್ಡ ಬೀಗ ತಂದ. ಅಕ್ಕನ ಬಾಗಿಲಿಗೆ, ಮರಿ ರಸ್ತೆಗೆ ಇಳಿಯದಂತೆ, ಮೊಣಕಾಲೆತ್ತರದ ಗೇಟು ಮಾಡಿ ತಾನೇ ಕೂರಿಸಿದ. ಅದಕ್ಕೆ ಬಣ್ಣ ಬಳಿಯುತ್ತಿದ್ದಾಗ ಗಿರಾಕಿಯೊಬ್ಬಳು ಮರಿಯನ್ನು ದಾಟಿಕೊಂಡು ಒಳಗೆ ಬಂದಳು. ಬೊಗಳೋದೂ ಇಲ್ಲ, ಕಾಯೋದೂ ಇಲ್ಲ, ಇದನ್ನ ಯಾಕೆ ಸಾಕಿದ್ದೀರಿ ಎಂದು ಕೇಳಿದಳು.

ಗೇಟಣ್ಣ ಕುಂಚ ಎತ್ತದೆ ಹೇಳಿದ: "ಸುಮ್ನೆ."

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಬೊಗಳದ ಮರಿ ಇದ್ದರೆ ಅದನ್ನು ಹೊಡೆಯಬೇಡಿ, ಖಾರ ಹಾಕಬೇಡಿ, ಬೀದಿಗೆ ಬಿಡಬೇಡಿ. ಅದು ಕಾಯಿಲೆಯೋ ಸ್ವಭಾವವೋ ಎಂದು ಡಾಕ್ಟರಿಗೆ ತೋರಿಸಿ ತಿಳಿದುಕೊಳ್ಳಿ. ಸ್ವಭಾವವಾದರೆ ಅದನ್ನು ಅದರ ಪಾಡಿಗೆ ಬಿಡಿ. ಯಾರು ನಗುತ್ತಾರೋ ನಗಲಿ. ಆದರೆ ನಾಯಿ ಸುಮ್ಮನಿದೆ ಎಂದು ನೀವು ಸುಮ್ಮನಿರಬೇಡಿ. ಅದರ ಲಸಿಕೆಯ ಚೀಟಿ ಎಲ್ಲಿದೆ ಎಂದು ಈಗಲೇ ಎದ್ದು ಹುಡುಕಿ. ಚೀಟಿಯೇ ಇಲ್ಲವೆಂದಾದರೆ, ನಾಳೆ ಬೆಳಗ್ಗೆ ನೀವು ಎಲ್ಲಿರಬೇಕು ಎಂದು ಬೇರೆ ಹೇಳಬೇಕೇ?