ಬಾಲಪ್ಪ ಬಿಟ್ಟ ಸುರ

ಇದರಲ್ಲಿ ಒಂದು ಮಾತು ಸುಳ್ಳಾದರೂ ತುಂಗಭದ್ರೆಯ ಕಾಲುವೆ ನೀರು ನನ್ನ ಗದ್ದೆಗೆ ಬರದೇ ಹೋಗಲಿ. ನನಗೆ ಗದ್ದೆ ಇಲ್ಲ, ಅದು ಬೇರೆ ಮಾತು, ಆಣೆ ಆಣೆಯೇ. ಹೋದ ಡಿಸೆಂಬರಿನಲ್ಲಿ, ಮಸ್ಕಿಯಲ್ಲಿ, ಹಾಡುಹಗಲೇ ನಡೆದದ್ದು.

ಬಾಲಪ್ಪ ಒಂದು ಕಾಲಿನ ಚಪ್ಪಲಿ ಬಿಟ್ಟಿದ್ದ, ಇನ್ನೊಂದನ್ನು ಬಿಟ್ಟಿರಲಿಲ್ಲ. ಹಾಗೆಯೇ ಹುಸೇನ್‌ಸಾಬರ ಮನೆಯ ಬಾಗಿಲಲ್ಲಿ ಬಹಳ ಹೊತ್ತಿನಿಂದ ನಿಂತಿದ್ದ. ಒಳಗೆ ಅಂಗಳದಲ್ಲಿ ಹುಸೇನ್‌ಸಾಬರಿಗೆ ಕೊನೆಯ ಸ್ನಾನ ಮಾಡಿಸಿ ಬಿಳಿ ಬಟ್ಟೆ ಹೊದಿಸಿದ್ದರು.

"ಒಳಗರ ಬಾ, ಹೊರಗರ ಹೋಗಪಾ," ಎಂದ ಮಸೀದಿಯ ಹಿರಿಯ ಬುಡ್ಡೇಸಾಬ್. "ಹಿಂಗ ಬಾಗಲದಾಗ ಅರ್ಧಾ ನಿಂತ್ರ ಜನಾಜಾ ಹ್ಯಾಂಗ ಹಾಯ್ಬೇಕು?"

"ಹೆಗಲ ಕೊಡಾಕ ಬಂದೀನ್ರೀ. ಬಾಬಿ ಹೂಂ ಅಂದ್ರ ಒಳಗ ಬರ್ತೀನಿ. ಇಲ್ಲಂದ್ರ ಇಲ್ಲಿಂದ್ಲೇ ಹೋಗ್ತೀನಿ."

ನಲವತ್ತು ವರ್ಷ ಪಕ್ಕದಲ್ಲಿ ಕೂತು ಊದಿದವನು ಹೆಗಲು ಕೊಡಲು ಅಪ್ಪಣೆ ಕೇಳುತ್ತಿದ್ದ. ಅಂಗಳದಲ್ಲಿದ್ದವರು ನೆಲ ನೋಡಿದರು. ಯಾಕೆಂದು ಎಲ್ಲರಿಗೂ ಗೊತ್ತಿತ್ತು.

*

ಹುಸೇನ್‌ಸಾಬರು ಸನಾದಿ ಊದುತ್ತಿದ್ದರು, ಬಾಲಪ್ಪ ಸುರ ಹಿಡಿಯುತ್ತಿದ್ದ. ಸುರ ಎಂದರೆ ಅದೂ ಸನಾದಿಯೇ, ಆದರೆ ಬೆರಳಿಗೆ ಕೆಲಸವಿಲ್ಲ. ಒಂದೇ ಸ್ವರ. ಮೂಗಿನಿಂದ ಉಸಿರು ಎಳೆದುಕೊಳ್ಳುತ್ತ, ಕೆನ್ನೆಯಿಂದ ಬಿಡುತ್ತ, ಎಲ್ಲೂ ಕಡಿಯದ ಹಾಗೆ ಅದನ್ನು ಹಿಡಿದಿರಬೇಕು. ಆ ಸ್ವರದ ಮೇಲೆ ಸನಾದಿ ನಡೆಯುತ್ತದೆ. ಕಟ್ಟಳೆ ಒಂದೇ: ಮೊದಲು ಸನಾದಿ ನಿಲ್ಲಬೇಕು, ಆಮೇಲೆ ಸುರ.

ಬಾಲಪ್ಪ ಎಂಥ ಸುರದವನೆಂದರೆ, ಸಂತೆಕಲ್ಲೂರಿನ ಒಂದು ಮದುವೆ ಮುಗಿದ ಮೇಲೂ ನಿಲ್ಲಿಸುವುದು ಮರೆತು ಊದುತ್ತಲೇ ಬಸ್ಸು ಹತ್ತಿದ. ಕಂಡಕ್ಟರ್ ಮೂರು ಟಿಕೆಟ್ ಹರಿದ. ಹುಸೇನ್‌ಸಾಬರಿಗೊಂದು, ಬಾಲಪ್ಪನಿಗೊಂದು, ಸುರಕ್ಕೊಂದು. ಇನ್ನೊಮ್ಮೆ ಮುಕ್ಕುಂದದಲ್ಲಿ ಇಬ್ಬರೂ ಊದುವಾಗ ಗದ್ದೆಯ ಕೊಕ್ಕರೆಗಳೆಲ್ಲ ಎದ್ದು ಬಂದು ಚಪ್ಪರದ ಮೇಲೆ ಸಾಲಾಗಿ ಕೂತವು. ಬೀಗರ ಊಟ ಆಗುವ ತನಕ ಒಂದೂ ರೆಕ್ಕೆ ಬಡಿಯಲಿಲ್ಲ. ನೋಡಿದವರು ಇನ್ನೂ ಬದುಕಿದ್ದಾರೆ.

ಗಡಿಯಲ್ಲಿ ಯುದ್ಧ ನಡೆದ ಆ ಮೇ ತಿಂಗಳಲ್ಲಿ ಲಿಂಗಸುಗೂರಿನಲ್ಲಿ ಒಂದು ಮದುವೆ ಇತ್ತು. ಪಂಕ್ತಿಯಲ್ಲಿ ಕೂತವರ ಒಂದು ಕೈ ಅನ್ನದಲ್ಲಿ, ಇನ್ನೊಂದು ಕೈ ಫೋನಿನಲ್ಲಿ. ಬಾಂಬು ರಾಯಚೂರಿಗೇ ಬರುತ್ತದೆ ಎಂದು ಒಬ್ಬ. ಬಂದು ಹೋಯಿತು ಎಂದು ಇನ್ನೊಬ್ಬ. ಹೊತ್ತು ಇಳಿದಿತ್ತು. ಹುಸೇನ್‌ಸಾಬರು ಆ ಹೊತ್ತಿನ ರಾಗ ತೆಗೆದಿದ್ದರು. ಮದುಮಗನ ಗೆಳೆಯ, ಮಸ್ಕಿಯ ಮೊಬೈಲ್ ಅಂಗಡಿಯ ವಿರೇಶ, ವಿಡಿಯೊ ಮಾಡುತ್ತ ಹತ್ತಿರ ಬಂದ.

"ಸಾಬಣ್ಣ, ಯಾವ ರಾಗ ಇದು? ಸ್ಟೇಟಸ್‌ಗೆ ಹೆಸರ ಹಾಕ್ತೀನಿ."

ಹುಸೇನ್‌ಸಾಬರು ಸನಾದಿಯನ್ನು ತುಟಿಯಿಂದ ತುಸು ಸರಿಸಿದರು. "ಮುಲ್ತಾನಿ, ತಮ್ಮಾ. ಇಳಿಹೊತ್ತಿನ ರಾಗ." ಮತ್ತೆ ಕಣ್ಣು ಮುಚ್ಚಿ ಊದತೊಡಗಿದರು.

ವಿರೇಶ ರಾಗದ ಹೆಸರು ಹೇಗೆ ಬರೆಯುವುದೆಂದು ಫೋನಿನಲ್ಲಿ ಹುಡುಕಿದ. ಊರೇ ಸಿಕ್ಕಿತು.

"ಮುಲ್ತಾನ ಎಲ್ಲೈತಿ ಗೊತ್ತೇನ್ರಲೇ? ಪಾಕಿಸ್ತಾನದಾಗ! ಗಡಿಯಾಗ ನಮ್ಮ ಮಂದಿ ಸಾಯಾಕತ್ತಾರ, ಇಲ್ಲಿ ಇವ ಅವರ ಊರಿನ ರಾಗ ಊದಾಕತ್ತಾನ!"

ಎಲೆಯ ಮುಂದಿನಿಂದ ಜನ ಎದ್ದರು. ಒಂದು ಕುರ್ಚಿ ಬಿತ್ತು. ಹುಸೇನ್‌ಸಾಬರು ಕಣ್ಣು ತೆರೆಯಲಿಲ್ಲ. ರಾಗದ ನಡುವೆ ಇದ್ದರು, ಅಲ್ಲಿಂದ ಏನೂ ಕೇಳಿಸುತ್ತಿರಲಿಲ್ಲ.

"ಬಾಲಪ್ಪ ಕಾಕಾ, ನೀ ನಮ್ಮಾವ ಅದಿ," ಎಂದ ವಿರೇಶ. "ನಿನಗ ಗೊತ್ತಿತ್ತೇನು, ಇವ ಏನ್ ಊದಾಕತ್ತಾನಂತ?"

ಬಾಲಪ್ಪ ಸುರವನ್ನು ಬಾಯಿಂದ ತೆಗೆದ.

"ನನಗೇನ್ ಗೊತ್ತೋ ಯಪ್ಪಾ. ನಾ ಬರೇ ಸುರ ಹಿಡಿಯಾಂವ. ರಾಗ ಗೀಗ ಎಲ್ಲಾ ಆತಂದು."

ಸುರವನ್ನು ಕುರ್ಚಿಯ ಮೇಲಿಟ್ಟು ಹಿಂಬಾಗಿಲಿನಿಂದ ಹೊರಟುಹೋದ. ಸನಾದಿ ಕಾಲ ಕೆಳಗಿನ ಹಲಗೆ ಜಾರಿದವನಂತೆ ಗಾಳಿಯಲ್ಲಿ ಎರಡು ಹೆಜ್ಜೆ ನಡೆಯಿತು. ಆಮೇಲೆ ನಿಂತಿತು. ನಲವತ್ತು ವರ್ಷದಲ್ಲಿ ಸುರ ಮೊದಲು ನಿಂತದ್ದು ಅದೇ ಒಂದು ಸಲ. ಆಮೇಲೆ ಹುಸೇನ್‌ಸಾಬರನ್ನು ಯಾವ ಮದುವೆಗೂ ಯಾರೂ ಕರೆಯಲಿಲ್ಲ.

*

"ಬಾಲಪ್ಪ ಬಂದಾನಂತ?"

ಒಳಮನೆಯ ಪರದೆಯ ಹಿಂದಿನಿಂದ ಖಾಸಿಂಬೀ ಕೇಳಿದಳು. ಹುಸೇನ್‌ಸಾಬರ ಹೆಂಡತಿ.

"ಬಂದೀನ್ರೀ ಬಾಬಿ."

"ಏಳು ತಿಂಗಳ ಹಿಂದಿನ ಓಣಿಲೇ ಹಾದು ಹೋದಿ. ನಾಲ್ಕರ ಹೊತ್ತಿಗೆ ಈ ಓಣಿಲೇ ಬಂದಿದ್ರ ನೋಡ್ತಿದ್ದಿ. ದಿನಾ ಆ ಹೊಸ್ತಿಲ ಮ್ಯಾಲ ಕುಂತು, ಸನಾದಿ ತೊಡಿ ಮ್ಯಾಲ ಇಟ್ಕೊಂಡು, ಬರೇ ಬೆರಳ ಆಡಿಸ್ತಿದ್ರು. ಊದ್ರೀ ಅಂದ್ರ, ಸುರ ಬರ್ಲಿ ತಡೀ ಅಂತಿದ್ರು."

ಬಾಲಪ್ಪ ಬಾಗಿಲಚೌಕಟ್ಟು ಹಿಡಿದುಕೊಂಡ. "ನನಗ ಬೈದಾರೇನ್ರೀ?"

"ಬೈದ್ರು. ಬಾಲಪ್ಪಗ ಟೈಮ್ ಅನ್ನೋದು ಯಾವತ್ತೂ ಇಲ್ಲ ಅಂತ ಬೈದ್ರು."

ಪರದೆಯ ಸಂದಿಯಿಂದ ಒಂದು ಕೈ ಹೊರಬಂತು. ಕೈಯಲ್ಲಿ ಹಳೆಯ ರುಮಾಲು ಸುತ್ತಿದ ಸುರ. ಕಟ್ಟಿಗೆ ಎಣ್ಣೆ ಕುಡಿದು ಮಿರಮಿರ ಮಿಂಚುತ್ತಿತ್ತು. ಬಾಯಿಗಿಡುವ ಗರಿ ಹೊಸದು, ಅದರ ದಾರ ಇನ್ನೂ ಬೆಳ್ಳಗೇ ಇತ್ತು.

"ಲಿಂಗಸುಗೂರಿಂದ ಅವತ್ತ ಎರಡೂ ಅವ್ರೇ ಹೊತ್ಕೊಂಡ ಬಂದ್ರು. ಹೋದ ಶುಕ್ರವಾರ ಸೈತ ಇದಕ್ಕ ಹೊಸಾ ಗರಿ ಕಟ್ಟ್ಯಾರ. ಹೆಗಲ ಕೊಡಾಕ ಊರ ತುಂಬ ಮಂದಿ ಅದಾರೋ ಬಾಲಪ್ಪ. ಸುರ ಹಿಡಿಯಾಕ ಯಾರದಾರ?"

"ಇವತ್ತ? ಉಸ್ತಾದಿಲ್ಲದ?" ಬಾಲಪ್ಪ ಸುರವನ್ನು ಎರಡೂ ಕೈಯಲ್ಲಿ ಇಸಿದುಕೊಂಡ. "ನನಗ ಒಂದ ಸ್ವರ ಬರ್ತದರೀ ಬಾಬಿ."

"ಅವರು ಕೇಳಿದ್ದೂ ಒಂದ."

ಬುಡ್ಡೇಸಾಬ್ ಕೆಮ್ಮಿದ. "ಜನಾಜಾದ ಮುಂದ ವಾದ್ಯ ನಮ್ಮಲ್ಲಿಲ್ಲವ್ವಾ." ಸ್ವಲ್ಪ ಹೊತ್ತು ಗಡ್ಡ ನೀವಿಕೊಂಡ. "ಖಬರಸ್ತಾನದ ಗೋಡಿ ಹೊರಗ ಒಂದು ಬೇವಿನ ಗಿಡ ಐತಿ. ಅಲ್ಲಿ ಯಾರ ಏನ್ ಮಾಡಿದ್ರ ನನಗೇನು? ನನ್ನ ಕಿವಿ ಮೊದಲೇ ಕೇಳಂಗಿಲ್ಲ."

ಬಾಲಪ್ಪ ಎರಡನೆಯ ಚಪ್ಪಲಿಯನ್ನೂ ಬಿಟ್ಟ.

*

ಇಳಿಹೊತ್ತಿನ ಅಸರ್ ನಮಾಜು ಮುಗಿದು, ಮಸ್ಕಿ ಬೆಟ್ಟದ ನೆರಳು ಊರಿನ ಮೇಲೆ ಚಾಚಿಕೊಳ್ಳುವ ಹೊತ್ತು. ಗೋಡೆಯ ಒಳಗೆ ಹಿಡಿಮಣ್ಣು ಬೀಳತೊಡಗಿತು. ಗೋಡೆಯ ಹೊರಗೆ, ಬೇವಿನ ಬುಡದಲ್ಲಿ, ಬಾಲಪ್ಪ ಕೆನ್ನೆ ಉಬ್ಬಿಸಿದ.

ಒಂದೇ ಸ್ವರ. ಮೊದಲು ನಡುಗಿತು, ಆಮೇಲೆ ನೀರಿನಂತೆ ಸಮವಾಯಿತು.

ರಸ್ತೆಯಲ್ಲಿ ಒಂದು ಬೈಕು ನಿಂತಿತು. ವಿರೇಶ. ಇಳಿಯಲಿಲ್ಲ. ಇಂಜಿನ್ ಆರಿಸಿ, ಕೂತಲ್ಲಿಂದಲೇ ಕೇಳಿದ:

"ಕಾಕಾ, ಯಾವ ರಾಗ ಅದು?"

ಬಾಲಪ್ಪ ಅವನನ್ನೇ ನೋಡಿದ. ಕಣ್ಣಿಂದ ನೀರು ಇಳಿದು ಉಬ್ಬಿದ ಕೆನ್ನೆಯ ಮೇಲೆ ದಾರಿ ತಪ್ಪಿ ಸುತ್ತಿತು. ಮೂಗಿನಿಂದ ಉಸಿರೆಳೆದ. ಸುರ ಕಡಿಯಲಿಲ್ಲ.

ಆಗ ಗೋಡೆಯ ಒಳಗಿನಿಂದ ಸನಾದಿಯ ದನಿ ಬಂತು.

ಲಿಂಗಸುಗೂರಿನಲ್ಲಿ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಲ್ತಾನಿಯನ್ನು ಎತ್ತಿಕೊಂಡಿತು. ವಿರೇಶ ಬೈಕಿನಿಂದ ಇಳಿದು ಗೋಡೆಗೆ ಅಂಗೈ ಇಟ್ಟ. ಕಲ್ಲು ಬೆಚ್ಚಗಿತ್ತು, ಸಣ್ಣಗೆ ನಡುಗುತ್ತಿತ್ತು. ಒಳಗೆ ಬುಡ್ಡೇಸಾಬನ ಕೇಳದ ಕಿವಿಗಳ ನಡುವೆ ತಲೆ ತಾನಾಗಿ ತೂಗುತ್ತಿತ್ತು. ಮನೆಯಲ್ಲಿ ಖಾಸಿಂಬೀ ಕಿಟಕಿ ತೆರೆದಳು. ತುರ್ವಿಹಾಳದ ಗದ್ದೆಗಳಿಂದ ಎದ್ದ ಕೊಕ್ಕರೆಗಳು ಬಂದು ಗೋಡೆಯ ಉದ್ದಕ್ಕೂ ಸಾಲಾಗಿ ಕೂತವು.

ಅವು ಇನ್ನೂ ಕೂತಿವೆ. ಸನಾದಿ ಇನ್ನೂ ನಿಂತಿಲ್ಲ, ಅದಕ್ಕೇ ಸುರವೂ ನಿಂತಿಲ್ಲ. ಬಾಲಪ್ಪನಿಗೆ ಊಟ, ನಿದ್ದೆ ಬೇಕಲ್ಲ. ಊರವರೆಲ್ಲ ಪಾಳಿಯ ಮೇಲೆ ಹಿಡಿಯುತ್ತೇವೆ. ನಿನ್ನೆ ವಿರೇಶ ಹಿಡಿದಿದ್ದ, ಬಹಳ ಕೆಟ್ಟದಾಗಿ. ನಾಳೆ ಇಳಿಹೊತ್ತಿನ ಪಾಳಿ ಖಾಲಿ ಇದೆ. ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕೇಳಿದಿರಿ, ಉಸಿರೆಲ್ಲ ಹಾಗೇ ಉಳಿದಿರಬೇಕು. ಎಲ್ಲಿ, ಕೆನ್ನೆ ಉಬ್ಬಿಸಿ ನೋಡೋಣ.