ಬೆಳ್ಳಿ ಬಳಿದ ಪದ್ಯ

ಆ ಬೆಳಗ್ಗೆ ರಂಗೂನಿನ ಮೇಲೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಪಗೋಡದ ಗಂಟೆ ಕೇಳಿಸುತ್ತಿತ್ತೇ ಹೊರತು ಶಿಖರ ಕಾಣುತ್ತಿರಲಿಲ್ಲ. ಮಾಸಪತ್ರಿಕೆಯ ಪದ್ಯ ವಿಭಾಗ ನೋಡಿಕೊಳ್ಳುವ ಊ ಸೇನ್ ಬ್ವ ಬುದ್ಧನ ಮುಂದೆ ನೀರಿಟ್ಟು, ಕೈಮುಗಿದು ಕಚೇರಿಗೆ ಬಂದರು. ಕರಡು ತಿದ್ದುವ ಮಾ ನ್ವೆ ಬಾಗಿಲಲ್ಲೇ ಕಾಯುತ್ತಿದ್ದಳು.

“ಮೇಷ್ಟ್ರೇ, ನಿನ್ನೆ ಕಾಗದ ಹಾಕಿಬಿಟ್ರಾ?”

“ಹಾಕ್ದೆ. ಯಾಕಮ್ಮ?”

“ಅಂಚೆ ಕಚೇರೀಲಿ ಪೊಲೀಸರು ಕೂತಿದಾರಂತೆ. ನಮ್ಮ ಪತ್ರಿಕೆ ಹೆಸರಿರೋದನ್ನೆಲ್ಲ ಒಡೆದು ನೋಡ್ತಿದಾರೆ.”

ಊ ಸೇನ್ ಬ್ವ ಕೂಡಲೇ ಅಂಚೆ ಕಚೇರಿಗೆ ಹೊರಟರು. ಪತ್ರಿಕೆ ಅಚ್ಚಾದ ಮೇಲೆ ಸರ್ಕಾರದವರು ಓದಿ, ಒಪ್ಪದ ಪದ್ಯದ ಮೇಲೆ ಬೆಳ್ಳಿ ಬಣ್ಣ ಬಳಿಸುತ್ತಿದ್ದರು. ಅಂಥ ಕವಿಗೆ ಆ ಹಾಳೆಯನ್ನಿಟ್ಟು ಎರಡು ಸಮಾಧಾನದ ಮಾತು ಬರೆಯದಿದ್ದರೆ ಇವರಿಗೆ ಅನ್ನ ಸೇರದು. ಈ ಸಲದ ಕವಿ ಪಕೊಕು ಊರಿನ ಶಾಲಾ ಶಿಕ್ಷಕಿ. ಪದ್ಯದ ಕೆಳಗೆ ಕಾವ್ಯನಾಮ ಹಾಕಿ ಬಚ್ಚಿಟ್ಟುಕೊಂಡವಳು. ಲಕೋಟೆಯ ಮೇಲಾದರೋ ನಿಜವಾದ ಹೆಸರು, ಬೀದಿ, ಮನೆ. ‘ಬಿಸಿಲಿಗೆ ಹಿಡಿ ಮಗಳೇ, ಸಾಲು ಇನ್ನೂ ಕಾಣುತ್ತದೆ’ ಎಂದು ಬೇರೆ ಬರೆದಿದ್ದರು. ಒಡೆದರೆ ಅವಳಿಗೆ ಜೈಲೇ.

ಅಂಚೆ ಕಚೇರಿಯೊಳಗೆ ಒಬ್ಬ ಪೊಲೀಸಿನವನು ಕತ್ತರಿ ಹಿಡಿದು ಲಕೋಟೆ ಸೀಳುತ್ತ ಕೂತಿದ್ದ. ಕಿಟಕಿಯಲ್ಲಿ ಗುಮಾಸ್ತ ಕೋ ತೌಂಗ್.

“ತಮ್ಮಾ, ನಿನ್ನೆ ಪಕೊಕುಗೆ ಹಾಕಿದ್ದು...” ಊ ಸೇನ್ ಬ್ವ ಕತ್ತರಿಯವನತ್ತ ನೋಡಿ ದನಿ ತಗ್ಗಿಸಿದರು.

ಕೋ ತೌಂಗ್ ಮೇಷ್ಟ್ರ ಮುಖವನ್ನೇ ನೋಡಿದ. ಎದ್ದು, ಕಾಗದದ ರಾಶಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತ. ಹೇಳಿಬಿಡುತ್ತಾನೆ, ಈಗ ಹೇಳಿಬಿಡುತ್ತಾನೆ. ಊ ಸೇನ್ ಬ್ವ ಕಿಟಕಿಯ ಕಟ್ಟೆ ಹಿಡಿದು ಮನಸ್ಸಿನಲ್ಲೇ ಬುದ್ಧನನ್ನು ನೆನೆದರು.

“ಏನ್ರೀ ಪದ್ಯದ ಮೇಷ್ಟ್ರೇ!” ಕೋ ತೌಂಗ್ ಲಕೋಟೆಯನ್ನು ರಪ್ಪನೆ ಕಟ್ಟೆಯ ಮೇಲೆ ಬಡಿದ. “ಚಂದ್ರನ್ನೆಲ್ಲ ಅಳೀತೀರಿ, ಒಂದು ಕಾಗದದ ತೂಕ ಗೊತ್ತಾಗಲ್ವಾ?”

ಕತ್ತರಿಯವನು ತಲೆ ಎತ್ತಿದ. “ಏನದು?”

“ಸ್ಟಾಂಪ್ ಕಮ್ಮಿ ಸಾರ್, ವಾಪಸ್. ಈ ಕವಿಗಳದ್ದು ದಿನಾ ಇದೇ ಗೋಳು.”

ಅವನು ಲಕೋಟೆಯನ್ನೂ ಮೇಷ್ಟ್ರನ್ನೂ ನೋಡಿದ. ಆಮೇಲೆ ಫಕ್ಕನೆ ನಕ್ಕು ಮತ್ತೆ ಸೀಳತೊಡಗಿದ.

ಲಕೋಟೆಯನ್ನು ಅಂಗಿಯೊಳಗೆ ತುರುಕಿಕೊಂಡು ಊ ಸೇನ್ ಬ್ವ ಮಂಜಿನಲ್ಲಿ ನಡೆದರು. ಹಿಂದೆ ಚಪ್ಪಲಿಯ ಸದ್ದು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಸದ್ದು ಹತ್ತಿರವಾಯಿತು. ಯಾರೋ ಮೊಣಕೈ ಮುಟ್ಟಿದರು.

ಕೋ ತೌಂಗ್. ಬಾಯಿ ತುಂಬ ಎಲೆಅಡಿಕೆ. ಅತ್ತಿತ್ತ ನೋಡಿ, ಹೆಬ್ಬೆರಳಿಗೆ ಅಂಟಿಕೊಂಡಿದ್ದ ಒಂದು ಒದ್ದೆ ಸ್ಟಾಂಪನ್ನು ಬಿಡಿಸಿ ಅವರ ಅಂಗೈಗಿಟ್ಟ.

“ನಿಮ್ದು” ಎಂದು ಹೊರಟುಹೋದ.