ಜುಬೈಲಿಗೆ ಹೊರಟ ಗ್ರೈಂಡರ್

ಹೇಮಾಕ್ಷಿಯ ಗ್ರೈಂಡರ್ ಸುರತ್ಕಲ್‌ನ ಅರ್ಧ ಬೀದಿಗೆ ದೋಸೆಹಿಟ್ಟು ಕೊಟ್ಟಿತ್ತು. ಗಂಡ ದೀಪೇಶ್ ದುಡಿಯುವ ಸೌದಿಯ ಜುಬೈಲಿಗೆ ಅವಳಿಗೂ ವೀಸಾ ಬಂದದ್ದೇ ತಡ, ಗಂಡನ ಅಣ್ಣ ಮಾಯಿಲಪ್ಪನ ಕಣ್ಣು ಅದರ ಮೇಲೆ ಬಿತ್ತು.

“ಅದನ್ನು ನಮಗೆ ಬಿಟ್ಟು ಹೋಗು. ಅಲ್ಲಿಯ ಕರೆಂಟೇ ಬೇರೆ, ನೂರಹತ್ತು ವೋಲ್ಟ್. ವಿನೋದಾ ಉಪಯೋಗಿಸ್ತಾಳೆ.”

ವಿನೋದಾ ಎಂದರೆ ಅವರ ಹೆಂಡತಿ. ಮಾಯಿಲಪ್ಪ ಗಲ್ಫಿನಲ್ಲಿ ಅರ್ಧ ಆಯುಷ್ಯ ಕಳೆದು ಬಂದವರು. ಮನೆಯಲ್ಲಿ ಅವರಿಗೆ ಎದುರಾಡುವ ಪದ್ಧತಿ ಇರಲಿಲ್ಲ. ಆದರೆ ಗ್ರೈಂಡರ್ ಬಿಟ್ಟು ಹೋದರೆ ಆ ದೇಶದಲ್ಲಿ ತನಗೆ ಸ್ವಂತ ಕೆಲಸವೆಂಬುದಿಲ್ಲ, ಬರೀ ಬಾಗಿಲು ಕಾಯುವುದು ಎಂದು ಹೇಮಾಕ್ಷಿಗೆ ಗೊತ್ತಿತ್ತು.

“ನೂರಹತ್ತು ನಿಮ್ಮ ಕಾಲದ್ದು, ಭಾವ. ಅಲ್ಲಿಯ ಮನೆಯ ಮೀಟರಿನ ಫೋಟೊ ತರಿಸಿದ್ದೇನೆ. ಇನ್ನೂರಿಪ್ಪತ್ತು ಉಂಟು.”

“ಫೋಟೊ ನೋಡಿ ಸೌದಿ ಕಲಿತೆಯಾ? ನನಗೆ ಅನುಭವ ಉಂಟು ಮಾರಾಯ್ತಿ.”

“ನಿಮ್ಮ ಅನುಭವ ನಿಮ್ಮದೇ ಅಟ್ಟದಲ್ಲಿ ಉಂಟು. ಇಳಿಸಿ ಕೊಡ್ಲಾ?”

ವಿನೋದಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಮ್ಮ ಮನೆ ಒಕ್ಕಲಿನ ದಿನ ಮಾಯಿಲಪ್ಪ ಸೌದಿಯಿಂದ ತಂದ ನೂರಹತ್ತರ ಮಿಕ್ಸಿಯನ್ನು ನೆಂಟರೆದುರು ಇಲ್ಲಿಯ ಇನ್ನೂರ ಮೂವತ್ತಕ್ಕೆ ಚುಚ್ಚಿದ್ದರು. ಅದು ಒಮ್ಮೆ ಕಿರುಚಿ, ಹೊಗೆ ಬಿಟ್ಟು ಸತ್ತಿತ್ತು. ಫಾರಿನ್ ಮಾಲು ಎಂದು ಎಸೆಯಲು ಮನಸ್ಸಾಗದೆ ಅಟ್ಟಕ್ಕೆ ಏರಿಸಿದ್ದರು.

ಹಾಗೆಂದು ಭಾವನ ಮಾತು ಪೂರ್ತಿ ಸುಳ್ಳಲ್ಲ. ಇಲ್ಲಿಯ ಕರೆಂಟು ಐವತ್ತು ಹರ್ಟ್ಸ್, ಅಲ್ಲಿಯದು ಅರವತ್ತು; ಮೋಟಾರು ಅಷ್ಟು ಜೋರು ತಿರುಗುತ್ತದೆ. ದೀಪೇಶನ ಜೊತೆಗಾರ ಹಾಶಿಂ ಊರಿಂದ ಒಯ್ದ ಗ್ರೈಂಡರಿನ ಕಲ್ಲು ಅಲ್ಲಿ ಜೋರು ಓಡುತ್ತದಂತೆ. ಹಿಟ್ಟು ಬಿಸಿಯಾಗಿ ಬೇಗನೆ ಹುಳಿ ಬರುತ್ತದಂತೆ. ಓಟ ಹೆಚ್ಚಾದರೆ ಓಟವನ್ನು ತಗ್ಗಿಸಬೇಕು, ಗ್ರೈಂಡರನ್ನೇ ಯಾಕೆ ಬಿಡಬೇಕು? ಹೇಮಾಕ್ಷಿ ಮೋಟಾರಿನ ತುದಿಯಲ್ಲಿ ಬೆಲ್ಟ್ ಎಳೆಯುವ ಪುಟ್ಟ ಗಾಲಿಯನ್ನು ಬಿಚ್ಚಿ ಬಂದರಿನ ಲೇತ್ ಅಂಗಡಿಗೆ ಒಯ್ದಳು. ಅದಕ್ಕಿಂತ ಆರನೇ ಒಂದು ಪಾಲು ಸಣ್ಣದನ್ನು ಕಡೆಸಿ ತಂದು, ಬೆಲ್ಟ್ ಸಡಿಲಾಗದಂತೆ ಮೋಟಾರನ್ನು ಹಿಂದೆ ಸರಿಸಿ ಬಿಗಿದಳು.

ಅವಳು ಹೊರಡುವ ಮುನ್ನಾದಿನ ಮಾಯಿಲಪ್ಪ ಗ್ರೈಂಡರ್ ಒಯ್ಯಲೆಂದು ಹೆಂಡತಿಯನ್ನೂ ಕೂರಿಸಿಕೊಂಡು ರಿಕ್ಷಾದಲ್ಲಿ ಬಂದರು.

“ಒಯ್ಯುವ ಮೊದಲು ಓಡಿಸಿ ನೋಡಿ,” ಎಂದು ಹೇಮಾಕ್ಷಿ ಸ್ವಿಚ್ ಒತ್ತಿದಳು. ಕಲ್ಲು ಮದುವೆ ಊಟ ಮುಗಿಸಿ ಎದ್ದವರ ಹಾಗೆ ಮೆಲ್ಲಗೆ ಹೊರಳಿತು.

“ಇದೆಂತ, ಇದಕ್ಕೆ ಜ್ವರವಾ?” ಎಂದರು ಮಾಯಿಲಪ್ಪ.

“ಜ್ವರ ಅಲ್ಲ, ವೀಸಾ ಆಗಿದೆ. ಸಣ್ಣ ಗಾಲಿ ಹಾಕಿಸಿದ್ದೇನೆ. ಅಲ್ಲಿಯ ಕರೆಂಟಿಗೆ ಸರಿ ಓಡ್ತದೆ, ಇಲ್ಲಿ ಹೀಗೇ.”

ವಿನೋದಾ ಇಣುಕಿ ನೋಡಿದಳು. “ಇದರಲ್ಲಿ ಅರೆದ್ರೆ ನಾಳೆಯ ದೋಸೆ ನಾಡಿದ್ದು. ನನಗೆ ಬೇಡಪ್ಪ.”

ಮಾಯಿಲಪ್ಪ ಸುಲಭಕ್ಕೆ ಬಿಡುವವರಲ್ಲ. “ಹಳೇ ಗಾಲಿ ಎಲ್ಲಿ? ಅದನ್ನೇ ಹಾಕಿದ್ರೆ ಆಯ್ತಲ್ಲ.”

“ನನ್ನ ಕೈಚೀಲದಲ್ಲಿ. ವಾಪಸು ಬಂದಾಗ ನನಗೆ ಬೇಕಲ್ಲ.”

“ಅಲ್ಲಿ ಮೋಟಾರು ಸುಟ್ಟರೆ?”

“ನಾನೇ ತಂದು ನಿಮ್ಮ ಅಟ್ಟದಲ್ಲಿ ಇಡ್ತೇನೆ ಭಾವ. ನಿಮ್ಮ ಮಿಕ್ಸಿಗೂ ಜೊತೆ ಬೇಕು.”

ಮಾಯಿಲಪ್ಪ ರಿಕ್ಷಾದತ್ತ ನಡೆದರು. ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂದು ಹೇಮಾಕ್ಷಿ ಅರೆದಿಟ್ಟ ಹಿಟ್ಟಿನ ಪಾತ್ರೆಯನ್ನು ರಿಕ್ಷಾ ಹತ್ತಿ ಕೂತ ವಿನೋದಾಳ ಮಡಿಲಲ್ಲಿ ಇಟ್ಟಳು. ಆಮೇಲೆ ಒಳಗೆ ಬಂದು ಕಲ್ಲನ್ನು ಬಿಚ್ಚಿ, ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸಿದಳು. ವಿಮಾನದ ಮಿತಿಗಿಂತ ತೂಕ ಹೆಚ್ಚಾಯಿತು. ರೇಷ್ಮೆ ಸೀರೆಗಳನ್ನು ತೆಗೆದು ಹೊರಗಿಟ್ಟಳು.